ಕಳಚಿಟ್ಟ ಚಕ್ರಗಳು

ಬೆಳಗ್ಗೆ ಎದ್ದ ಕೂಡಲೇ ಮೊದಲು ಅಂಗೈ ನೋಡಿಕೊಳ್ಳಬೇಕೆಂದು ನಮ್ಮ ಹಿರಿಯರು ವಿಧಿಸಿದ್ದಾರೆ. ಬಹುಕಾಲ ನಾನೂ ಆ ವಿಧಿಯನ್ನು ಪಾಲಿಸಿದವನೇ. ಆದರೆ ದೆಹಲಿಯ ಆರ್.ಕೆ.ಪುರಂನ ಸರ್ಕಾರಿ ವಸತಿಗೃಹವೊಂದರಲ್ಲಿ ನೆಲೆಯೂರಿ, ಜೀವಮಾನದಲ್ಲಿ ಮೊದಲ ಸಲ ಒಂದು ಹಳೆಯ ಕಾರಿನ ಯಜಮಾನನಾದ ಮೇಲೆ, ನನ್ನ ಕರದರ್ಶನ ಹೋಗಿ ಕಾರ್‌ದರ್ಶನ ಬಂತು. ಕಣ್ಣುಜ್ಜಿಕೊಳ್ಳುತ್ತ ಬಾಲ್ಕನಿಗೆ ಬಂದು, ಕೆಳಗೆ ಬೇವಿನ ಮರದಡಿ ನಿಂತ ಗಾಡಿಗೆ ಚಕ್ರಗಳಿವೆಯೋ ಇಲ್ಲವೋ ಎಂದು ಖಚಿತಪಡಿಸಿಕೊಂಡ ಮೇಲೆಯೇ ನಾನು ಹಲ್ಲುಜ್ಜುವುದು.

ನಗಬೇಡಿ. ಈ ಊರಿನಲ್ಲಿ ಕಾರು ಕದಿಯುವುದು ದೊಡ್ಡವರ ಉದ್ಯೋಗ. ಚಕ್ರ ಕದಿಯುವುದು ಗುಡಿಕೈಗಾರಿಕೆ. ಕಳ್ಳರು ಸಭ್ಯರು. ಚಕ್ರಗಳನ್ನು ಬಿಚ್ಚಿಕೊಂಡು ಹೋಗುವಾಗ ಗಾಡಿಯನ್ನು ನೆಲಕ್ಕೆ ಕೆಡವದೆ ಇಟ್ಟಿಗೆಗಳ ಮೇಲೆ ನಿಲ್ಲಿಸಿ ಹೋಗುತ್ತಾರೆ. ನಮ್ಮ ಕೆಳಗಿನ ಮನೆಯಲ್ಲಿದ್ದ ಲೆಕ್ಕಪತ್ರ ಇಲಾಖೆಯ ಅಧಿಕಾರಿಯೊಬ್ಬರು ಒಂದು ಮಂಜಿನ ಬೆಳಗ್ಗೆ ಊಟದ ಡಬ್ಬಿ ಹಿಡಿದು ಬಂದು, ಕಾರಿನಲ್ಲಿ ಕೂತು, ಎಂಜಿನ್ ಶುರು ಮಾಡಿ, ಗೇರು ಹಾಕಿ, ಗಾಡಿ ಮುಂದೆ ಹೋಗದಿದ್ದುದಕ್ಕೆ ಕ್ಲಚ್ಚನ್ನು ಬಾಯಿಗೆ ಬಂದಂತೆ ಬೈದರು. ಆಮೇಲೆ ಇಳಿದು ನೋಡಿದರೆ ಗಾಡಿ ಇಟ್ಟಿಗೆಗಳ ಮೇಲೆ ಪದ್ಮಾಸನ ಹಾಕಿಕೊಂಡಿತ್ತು. ಅಂದಿನಿಂದ ನಮ್ಮ ಬ್ಲಾಕಿನ ಗಂಡಸರೆಲ್ಲ ಬೆಳಗ್ಗೆ ಬಾಲ್ಕನಿಯಿಂದ ಕೆಳಗೆ ಬಗ್ಗಿ ನೋಡುವುದನ್ನು ಅಭ್ಯಾಸ ಮಾಡಿಕೊಂಡೆವು.

ಹಾಗೆ ನೋಡಿದರೆ ನಮ್ಮದು ಚಕ್ರಾರಾಧಕರ ನಾಡು. ದೇವರ ಕೈಯಲ್ಲಿ ಚಕ್ರ, ಬಾವುಟದ ನಡುವೆ ಚಕ್ರ, ಸಾಲಗಾರನ ಕೊರಳಿಗೆ ಚಕ್ರಬಡ್ಡಿ, ಸರ್ಕಾರಿ ಕಡತದ ಪಾಲಿಗೆ ಚಕ್ರವ್ಯೂಹ. ಇಷ್ಟೆಲ್ಲ ಚಕ್ರಗಳಿಗೆ ತಲೆಬಾಗುವ ನಾವು ನಮ್ಮ ಭಾರ ಹೊತ್ತು ತಿರುಗುವ ಚಕ್ರವನ್ನು ಮಾತ್ರ ಕಣ್ಣೆತ್ತಿ ನೋಡುವುದಿಲ್ಲ. ಕಾರು ಕೊಳ್ಳುವವನು ಬಣ್ಣ ನೋಡುತ್ತಾನೆ, ಸೀಟು ಒತ್ತಿ ನೋಡುತ್ತಾನೆ, ಹಾರನ್ ಬಾರಿಸಿ ಸಂತೋಷಪಡುತ್ತಾನೆ. ಚಕ್ರಕ್ಕೊಂದು ಒದೆ ಕೊಟ್ಟು, ಯಾಕೆ ಒದ್ದೆನೆಂದು ತನಗೇ ತಿಳಿಯದೆ ತಲೆಯಾಡಿಸುತ್ತಾನೆ. ನಾನೂ ಒದ್ದವನೇ.

ನನ್ನ ಕಾರಿನ ಪೂರ್ವಾಶ್ರಮವನ್ನು ಹೇಳಬೇಕು. ದೆಹಲಿಯಲ್ಲಿರುವ ನಮ್ಮ ಕನ್ನಡದ ಸರ್ಕಾರಿ ನೌಕರರಲ್ಲಿ ಒಂದು ಪದ್ಧತಿಯಿದೆ. ನಿವೃತ್ತರಾಗಿ ಊರಿಗೆ ಹೊರಟವರು ತಮ್ಮ ಸಾಮಾನನ್ನು ಗುಜರಿ ಕೊಳ್ಳುವ ಕಬಾಡಿಯವನಿಗೆ ಹಾಕುವುದಿಲ್ಲ, 'ನಮ್ಮವರಿಗೆ' ದಾಟಿಸಿ ಹೋಗುತ್ತಾರೆ. ಹೀಗಾಗಿ ನಮ್ಮ ಮನೆಯ ಶಾವಿಗೆ ಒತ್ತುವ ಒರಳು ಮೂರು ಸಂಸಾರಗಳನ್ನು ಕಂಡದ್ದು; ಬಾಲ್ಕನಿಯ ತುಳಸಿ ಯಾರು ನೆಟ್ಟದ್ದೆಂದು ಈಗ ಯಾರಿಗೂ ಗೊತ್ತಿಲ್ಲ. ನಮ್ಮ ಸಚಿವಾಲಯದಲ್ಲಿ ನನಗೆ ಮೇಲಧಿಕಾರಿಯಾಗಿದ್ದ ಧಾರವಾಡದ ಕುಲಕರ್ಣಿಯವರು ಊರಿಗೆ ಹೊರಡುವಾಗ ತಮ್ಮ ಕೆನೆಬಣ್ಣದ ಪುಟ್ಟ ಕಾರನ್ನು ಹೀಗೆಯೇ ನನಗೆ ದಾಟಿಸಿದರು. ಹೆಣ್ಣು ಒಪ್ಪಿಸಿಕೊಡುವವರ ದನಿಯಲ್ಲಿ, "ಒಂದ ಮಾತು. ಇದರ ಒಂದು ಸಾಮಾನೂ ಬದಲಿಸಿಲ್ಲ ನಾನು. ಎಲ್ಲಾ ಕಂಪನೀದ ಅದ," ಎಂದರು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಕಂಪನಿಯದು ಎಂದರೆ ಅಪೌರುಷೇಯವೆಂದೂ, ಅದನ್ನು ಮುಟ್ಟುವುದು ಪಾಠಾಂತರದ ದೋಷವೆಂದೂ ನಾನು ಬಗೆದೆ. ಕಿಟಕಿಯ ಹಿಡಿ ಮುರಿದಾಗ ಸಹ ಬೇರೆ ಹಿಡಿ ಹಾಕಿಸದೆ, ಕಂಪನಿಯದೇ ಸಿಗುವವರೆಗೆ ಗಾಜನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು ಏರಿಸುತ್ತಿದ್ದೆ.

ನಮ್ಮ ಒಬ್ಬಳೇ ಮಗಳು ನಿವೇದಿತಾ, ಮನೆಯಲ್ಲಿ ನಿವಿ, ಇದನ್ನೆಲ್ಲ ನೋಡಿ ನಗುತ್ತ ಬೆಳೆದಳು. ದೆಹಲಿಯಲ್ಲೇ ಹುಟ್ಟಿದವಳಾದ್ದರಿಂದ ಅವಳ ಕನ್ನಡ ಹಿಂದಿಯನ್ನು ಮುಟ್ಟಿಕೊಂಡೇ ಮುಂದೆ ಸಾಗುವುದು. ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಅವಳ ಗೆಳತಿಯರು ತಂಪು ಗಾಜಿನ ಕಟ್ಟಡಗಳಲ್ಲಿ ಕಂಪ್ಯೂಟರ್ ಮುಂದೆ ಕೂತರೆ ಇವಳು ದೆಹಲಿಯಾಚೆಯ ಮಾನೇಸರ್‌ನಲ್ಲಿ ಕಾರಿಗೆ ಅಲಾಯ್ ಎಂಬ ಮಿಶ್ರಲೋಹದ ಚಕ್ರಗಳನ್ನು ಎರಕ ಹೊಯ್ಯುವ ಕಾರ್ಖಾನೆಯನ್ನು ಸೇರಿದಳು. ಬೆಳಗಿನ ಜಾವ ದಪ್ಪ ಬೂಟು ತೊಟ್ಟು, ಜಡೆಯನ್ನು ಗಂಟು ಹಾಕಿಕೊಂಡು ಕಂಪನಿಯ ಬಸ್ಸು ಹತ್ತಿದರೆ ಬರುವಾಗ ಸಂಜೆಯ ದೀಪ ಹಚ್ಚಿರುತ್ತಿತ್ತು. ಕೆಲಸವೆಂದರೆ ತಯಾರಾದ ಚಕ್ರಗಳನ್ನು ಪರೀಕ್ಷಿಸಿ, ಸರಿಯಿದ್ದದ್ದನ್ನು ಮುಂದಕ್ಕೆ, ಸರಿಯಿಲ್ಲದ್ದನ್ನು ಮತ್ತೆ ಕುಲುಮೆಗೆ ಕಳಿಸುವುದು. ಸಂಬಂಧ ನೋಡಲು ಬಂದ ನೆಂಟರೊಬ್ಬರಿಗೆ ಇದನ್ನು ವಿವರಿಸಿದಾಗ ಅವರು ಬಹಳ ಹೊತ್ತು ಯೋಚಿಸಿ, "ಅಂದರೆ ಚಕ್ರ ತಟ್ಟೋ ಕೆಲಸ," ಎಂದರು. ಮಗಳು ಒಳಗಿಂದ, "ಹೌದು ಅಂಕಲ್, ರೊಟ್ಟೀನೂ ತಟ್ಟಬಹುದು, ಆದರೆ ಅದರಲ್ಲಿ ಗಾಳಿ ನಿಲ್ಲಲ್ಲ," ಎಂದಳು. ಆ ಸಂಬಂಧ ಅಲ್ಲಿಗೇ ನಿಂತಿತು, ನಮಗೇನೂ ಬೇಸರವಾಗಲಿಲ್ಲ.

ಆ ವರ್ಷ ಅವಳು ಕೆಲಸದಲ್ಲಿ ಕಾಯಂ ಆದಳು. ಅದರ ಸಂತೋಷಕ್ಕೆ ತನ್ನ ಕಾರ್ಖಾನೆಯ ನಾಲ್ಕು ಅಲಾಯ್ ಚಕ್ರಗಳನ್ನು ಸಿಬ್ಬಂದಿಯ ರಿಯಾಯಿತಿಯಲ್ಲಿ ಕೊಂಡು, ಸಹೋದ್ಯೋಗಿಯ ಗಾಡಿಯಲ್ಲಿ ಹೇರಿಕೊಂಡು ಮನೆಗೆ ಬಂದಳು. ಅಮ್ಮನಿಗೆ ಸೀರೆ, ಅಪ್ಪನಿಗೆ ಚಕ್ರ. ಮಗಳು ಮೊದಲ ಸಂಬಳದಲ್ಲಿ ಅಪ್ಪನಿಗೆ ಪಂಚೆ ತಂದುಕೊಡುವುದು ಲೋಕರೂಢಿ. ಪಂಚೆಯಾಗಿದ್ದರೆ ಉಟ್ಟು ತೋರಿಸಿ ಮುಗಿಸಬಹುದಿತ್ತು. ಚಕ್ರವನ್ನು ಏನು ಮಾಡುವುದು? ಅವು ಬಹಳ ಚೆನ್ನಾಗಿದ್ದವು. ಬೆಳ್ಳಿಯ ಬಣ್ಣ, ಐದು ಎಸಳುಗಳ ಹೂವಿನ ಆಕಾರ. ಅವಳು ಒಂದನ್ನು ನನ್ನ ಮಡಿಲಲ್ಲಿಟ್ಟು, "ಈ ನಾಲ್ಕನ್ನೂ ನಾನೇ ಪಾಸ್ ಮಾಡಿದ್ದು, ಅಪ್ಪಾ," ಎಂದಳು. ಬಹಳ ಹಗುರವಾಗಿತ್ತು. ಇಷ್ಟು ಹಗುರವಾದದ್ದು ಗಾಡಿಯನ್ನು ಹೇಗೆ ಹೊತ್ತೀತೆಂದು ನನ್ನ ಮನಸ್ಸು ಆಗಲೇ ಶಂಕಿಸಿತು, ಬಾಯಿ ಮಾತ್ರ ಭೇಷ್ ಎಂದಿತು.

ಭಾನುವಾರ ಟೈರಿನ ಅಂಗಡಿಯ ಸರ್ದಾರ್‌ಜಿ ಹಳೆಯ ಉಕ್ಕಿನ ಚಕ್ರಗಳಿಂದ ಟೈರುಗಳನ್ನು ಕಳಚಿ ಹೊಸ ಚಕ್ರಗಳಿಗೆ ತೊಡಿಸಿದರು. ಬರಿಯ ಬೂದುಬಣ್ಣದ ಬಳೆಗಳಾಗಿ ಉಳಿದ ಹಳೆಯವನ್ನು ನನ್ನ ಕಾಲ ಬಳಿ ಸಾಲಾಗಿ ಇಟ್ಟು, "ಸಾಬ್, ಕಂಪನಿ ಕಾ ಮಾಲ್ ಹೈ, ಫೇಂಕ್ನಾ ಮತ್," ಎಂದರು. ಎಸೆಯುವುದೇ? ಕುಲಕರ್ಣಿಯವರ ದನಿ ಮತ್ತೆ ಕೇಳಿದಂತಾಗಿ, ಅವನ್ನು ಹೊತ್ತು ಮೂರನೆಯ ಮಹಡಿಯವರೆಗೆ ಏರಿಸಿ, ತೊಳೆದು, ಒರೆಸಿ, ಹಳೆಯ ಚಾದರದಲ್ಲಿ ಸುತ್ತಿ, ಬಾಲ್ಕನಿಯಲ್ಲಿ ತುಳಸಿಯ ಪಕ್ಕ ಒಂದರ ಮೇಲೊಂದು ಜೋಡಿಸಿದೆ. ನನ್ನ ಹೆಂಡತಿ ಸರೋಜ ಹಪ್ಪಳ ಒಣಗಿಸುವ ಜಾಗ ಅದು. ಅವಳು ಹಪ್ಪಳಗಳನ್ನು ಚಕ್ರಗಳ ಮೇಲೆಯೇ ಹರಡತೊಡಗಿದಳು.

ನಿವಿ ಒಂದೆರಡು ಸಲ ವಿಚಾರಿಸಿದಳು. ಹಳೆಯ ಚಕ್ರ ಹುಡುಕುವವರು ಬೇಕಾದಷ್ಟು ಜನರಿದ್ದಾರೆ, ಮಾರಿಬಿಡಿ ಎಂದಳು. "ನೋಡೋಣ," ಎಂದೆ. ಕೇಂದ್ರ ಸರ್ಕಾರದಲ್ಲಿ ತಲೆ ನೆರೆಸಿದವನ ಬಾಯಲ್ಲಿ 'ನೋಡೋಣ' ಎಂಬುದರ ಅರ್ಥ ಓದುಗರಿಗೆ ಹೇಳಬೇಕಾಗಿಲ್ಲ. ನಮ್ಮ ಕಚೇರಿಯಲ್ಲಿ ಮುರಿದ ಕುರ್ಚಿಯನ್ನು ಸಹ ಸುಮ್ಮನೆ ಬಿಸಾಡುವಂತಿಲ್ಲ. ಅದು ನಿರುಪಯುಕ್ತವೆಂದು ಒಬ್ಬರು ಹೇಳಬೇಕು, ಹೌದೆಂದು ಸಮಿತಿ ಒಪ್ಪಬೇಕು, ಅಷ್ಟರಲ್ಲಿ ಸಮಿತಿಯ ಸದಸ್ಯರೇ ನಿವೃತ್ತರಾಗಿ, ಕುರ್ಚಿ ಮಾತ್ರ ಸೇವೆಯಲ್ಲಿ ಮುಂದುವರಿಯುತ್ತದೆ. ನಾನು ಅದೇ ನ್ಯಾಯವನ್ನು ಮನೆಗೂ ತಂದೆ. ಒಂದು ಸಂಜೆ ಅವಳು ಚಹಾ ಹಿಡಿದು ಬಾಲ್ಕನಿಯ ಬಾಗಿಲಲ್ಲಿ ನಿಂತು, "ಅಪ್ಪಾ, ಇದನ್ನ ಇಟ್ಕೊಂಡಿರೋದು ಯಾಕೆ? ನನ್ ಚಕ್ರ ಹೋಗ್ಬಿಟ್ರೆ ಬೇಕಾಗತ್ತೆ ಅಂತ ತಾನೆ?" ಎಂದು ಕೇಳಿದಳು. ನಗುತ್ತಲೇ ಕೇಳಿದಳು, ಆದರೆ ಉತ್ತರಕ್ಕಾಗಿ ಕಾದಳು. ನಾನು ಕುಲಕರ್ಣಿಯವರ ಮಾತು, ಮರುಮಾರಾಟದ ಬೆಲೆ ಇತ್ಯಾದಿ ಹೇಳಿದೆ. ಅವೆಲ್ಲ ಸುಳ್ಳಲ್ಲ. ಆದರೂ ಹೊಸ ಚಕ್ರಗಳ ಮೇಲೆ ಗಾಡಿ ಓಡಿಸುವಾಗ ಹಳ್ಳ ಕಂಡ ಕಡೆ ನನ್ನ ಎದೆ ಒಂದು ಸಲ ಹಾರುತ್ತಿತ್ತು, ಹಳೆಯವು ಮನೆಯಲ್ಲಿ ಭದ್ರವಾಗಿವೆ ಎಂಬ ನೆನಪಿನಿಂದ ಸಮಾಧಾನವಾಗುತ್ತಿತ್ತು. ಮಕ್ಕಳಿಗೆ ನಮ್ಮ ಪ್ರೀತಿಯ ಬಗ್ಗೆ ಸಂಶಯವಿರುವುದಿಲ್ಲ, ನಂಬಿಕೆಯ ಬಗ್ಗೆ ಇರುತ್ತದೆ.

ಹೀಗಿರುತ್ತ ಆಯುಧಪೂಜೆ ಬಂತು. ಉತ್ತರದವರಿಗೆ ಈ ಹಬ್ಬದ ಗಾಡಿಪೂಜೆ ಅಷ್ಟಾಗಿ ತಿಳಿಯದು. ನಿವಿಯ ಕಾರ್ಖಾನೆಯಲ್ಲಿ ವಿಶ್ವಕರ್ಮ ಪೂಜೆಯೆಂದು ಮೊದಲೇ ಯಂತ್ರಗಳಿಗೆ ಹಾರ ಹಾಕಿ ಲಡ್ಡು ಹಂಚಿ ಮುಗಿಸಿರುತ್ತಾರೆ. ನಮ್ಮ ಬ್ಲಾಕಿನಲ್ಲಿ ಕಾರಿಗೆ ಕುಂಕುಮ ಇಟ್ಟು ಚಕ್ರದಡಿ ನಿಂಬೆಹಣ್ಣು ಸಿಡಿಸುವವರು ನಾವೇ, ಮಕ್ಕಳೆಲ್ಲ ಅದನ್ನು ನೋಡಲು ಸೇರುತ್ತಿದ್ದರು. ಆ ದಿನ ಬೆಳಗ್ಗೆ ಸರೋಜ ದೇವರ ಮುಂದೆ ಎಂದಿನಂತೆ ಮಿಕ್ಸಿ, ಈಳಿಗೆಮಣೆ, ಕತ್ತರಿ, ನನ್ನ ಪೆನ್ನು, ನಿವಿಯ ಅಳತೆಪಟ್ಟಿ ಎಲ್ಲವನ್ನೂ ಜೋಡಿಸಿದಳು. ಬಾಲ್ಕನಿಯ ನಾಲ್ಕು ಚಕ್ರಗಳೂ ಮನೆಯೊಳಗೇ ಇದ್ದವಲ್ಲ. ಅವನ್ನೂ ತಂದು ಗೋಡೆಗೆ ಒರಗಿಸಿದೆ. ವರ್ಷವರ್ಷವೂ ಪೂಜೆ ಕಂಡ ಚಕ್ರಗಳನ್ನು ಈ ವರ್ಷ ಬಿಟ್ಟರೆ ಹೇಗೆಂದು ಅವಳ ತರ್ಕ. ಲೋಹಕ್ಕೆ ಕುಂಕುಮ ಹಿಡಿಯದೆಂದು ಎಣ್ಣೆಯಲ್ಲಿ ಕಲೆಸಿ, ಒಂದೊಂದರ ಬೋಲ್ಟಿನ ತೂತುಗಳ ಸುತ್ತಲೂ ಧಾರಾಳವಾಗಿ ಬಳಿದು, ಚೆಂಡುಹೂವಿನ ಸರ ಮುಡಿಸಿದಳು. ಮಂಗಳಾರತಿಯಾಯಿತು, ಹೆಸರುಬೇಳೆ ಪಾಯಸವಾಯಿತು. ಗಾಡಿಯ ಪೂಜೆಯಾಯಿತೆಂದು ಇಬ್ಬರೂ ನೆಮ್ಮದಿಯಿಂದ ಕೂತೆವು.

ಸಂಜೆ ನಿವಿ ಬಂದಳು. ಚಪ್ಪಲಿಗೂಡಿನ ಬಳಿ ಬೂಟು ಬಿಚ್ಚುತ್ತ ನಡುಮನೆಯಲ್ಲಿ ಹೂ ಮುಡಿದು ಕೂತ ಹಳೆಯ ಚಕ್ರಗಳನ್ನು ಕಂಡಳು. ಮೆಟ್ಟಿಲು ಹತ್ತುವ ಮುನ್ನ ಬೇವಿನ ಮರದಡಿಯ ಗಾಡಿಯನ್ನೂ ಕಂಡು ಬಂದಿದ್ದಳು. ಅದಕ್ಕೆ ಒಂದು ಎಸಳು ಹೂವಾಗಲಿ, ಒಂದು ಬೊಟ್ಟು ಕುಂಕುಮವಾಗಲಿ ಇರಲಿಲ್ಲ. ನಮಗೆ ಆ ಕ್ಷಣದವರೆಗೆ ಅದು ಹೊಳೆದೇ ಇರಲಿಲ್ಲ ಎಂದರೆ ನೀವು ನಂಬಬೇಕು. ಸಿಡುಕಿದ್ದರೆ ಸಮಜಾಯಿಷಿ ಹೇಳಬಹುದಿತ್ತು, ಅವಳು ಸಿಡುಕಲಿಲ್ಲ.

"ಅಪ್ಪಾ, ಗಾಡಿ ಈಗ ಯಾವುದರ ಮೇಲೆ ನಿಂತಿದೆ?" ಎಂದಷ್ಟೇ ಕೇಳಿ, ಮುಖ ತೊಳೆಯಲು ಹೋದಳು.

ಆ ರಾತ್ರಿ ಪಾಯಸ ತಿಂದಳು, ಚೆನ್ನಾಗಿದೆ ಎಂದಳು.  ಈಗಲೇ ಕೆಳಗಿಳಿದು ಹೋಗಿ ನಿಂಬೆಹಣ್ಣು ಇಟ್ಟು ಬರೋಣವೇ ಎಂದು ಸರೋಜ ಪಿಸುಗುಟ್ಟಿದಳು. ತಪ್ಪೆಂದು ಗೊತ್ತಾದ ಮೇಲೆ ಮಾಡುವ ಪೂಜೆ ಪ್ರಾಯಶ್ಚಿತ್ತದಂತೆ ಕಂಡು ಹುಡುಗಿಗೆ ಇನ್ನಷ್ಟು ನೋವಾದೀತೆಂದು ನಾನು ತಡೆದೆ. ಚಕ್ರಗಳನ್ನು ಮಾರುವುದೊಂದೇ ದಾರಿಯೆಂದು ನಿಶ್ಚಯಿಸಿ, ತಿಂಗಳಿಗೊಮ್ಮೆ ಸೇರುವ ನಮ್ಮ ಕನ್ನಡದ ಗೆಳೆಯರ ಕೂಟದಲ್ಲಿ ವಿಷಯ ಬಿತ್ತರಿಸಿದೆ. ಕಬಾಡಿಗೆ ಹಾಕಲು ಮನಸ್ಸಿರಲಿಲ್ಲ, 'ನಮ್ಮವರಿಗೆ' ದಾಟಿಸಬೇಕಿತ್ತು.

ಆ ವಾರವೇ ಫೋನು ಬಂತು. ಸಲೀಂ ಎಂಬ ತುಮಕೂರಿನ ಹುಡುಗ, ಗುಡಗಾಂವಿನ ಕಂಪನಿಯೊಂದರಲ್ಲಿ ಕೆಲಸ, ದ್ವಾರಕಾದಲ್ಲಿ ಬಾಡಿಗೆ ಮನೆ. ಅವನೂ ಇದೇ ಮಾದರಿಯ ಹಳೆಯ ಕಾರೊಂದನ್ನು ಕೊಂಡಿದ್ದ. ಹಿಂದಿನ ಯಜಮಾನ ಯಾರೋ ಶೋಕಿಲಾಲ, ಕಂಪನಿಯ ಚಕ್ರಗಳನ್ನು ಮಾರಿಕೊಂಡು, ಗಾಡಿಗೆ ಒಪ್ಪದ ದೊಡ್ಡ ಚಕ್ರಗಳನ್ನೂ ತೆಳ್ಳನೆಯ ಟೈರುಗಳನ್ನೂ ಹಾಕಿಸಿದ್ದನಂತೆ. ರಸ್ತೆಯಲ್ಲಿ ಒಂದು ಕಲ್ಲು ಸಿಕ್ಕರೂ ಸೊಂಟಕ್ಕೆ ತಿಳಿಯುತ್ತದಂತೆ. ತನಗಾದರೆ ಪರವಾಗಿಲ್ಲ, ಹೆಂಡತಿ ತುಂಬು ಬಸುರಿ, ಆಸ್ಪತ್ರೆಗೆ ಹೋಗಿಬರುವಾಗಲೆಲ್ಲ ಅವಳು ಹೊಟ್ಟೆ ಹಿಡಿದು ಕೂರುವುದನ್ನು ನೋಡಲಾಗುತ್ತಿಲ್ಲ ಎಂದ. ಅಲ್ಲಿಗೆ ನನ್ನ 'ನೋಡೋಣ'ವೂ ಮುಗಿಯಿತು.

ಭಾನುವಾರ ಸಲೀಂ ಮತ್ತು ಅವನ ಹೆಂಡತಿ ನಸ್ರೀನ್ ಇಬ್ಬರೂ ಬಂದರು. ಮೂರು ಮಹಡಿ ಹತ್ತಿ ಬಂದ ನಸ್ರೀನ್‌ಳನ್ನು ಸರೋಜ ಫ್ಯಾನಿನಡಿ ಕೂರಿಸಿ, ಕೋಡುಬಳೆಯ ತಟ್ಟೆ ಮುಂದಿಟ್ಟು, ಯಾವ ತಿಂಗಳು, ತವರಿಂದ ಯಾರು ಬರುತ್ತಾರೆ, ಹುಳಿ ತಿನ್ನಬೇಕೆನಿಸುತ್ತದೋ ಸಿಹಿಯೋ ಎಂದು ತನ್ನ ವಿಚಾರಣೆ ಆರಂಭಿಸಿದಳು. ನಾನು ಚಾದರ ಬಿಚ್ಚಿದೆ. ಒಣಗಿದ ಚೆಂಡುಹೂವು, ಒರಟಾಗಿ ಮೆತ್ತಿಕೊಂಡ ಕುಂಕುಮ ಎಲ್ಲ ಹಾಗೆಯೇ ಇದ್ದವು. ಪೂಜೆಯಾದದ್ದನ್ನು ಒರೆಸಬಾರದೆಂದು ಸರೋಜ ಮುಟ್ಟಿರಲಿಲ್ಲ. ನನಗೆ ಸಂಕೋಚವಾಗಿ, ಒರೆಸಿ ಕೊಡುತ್ತೇನೆ ಎಂದೆ. ಸಲೀಂ ತಡೆದ. ಅವನ ತಂದೆಯದು ತುಮಕೂರಿನಲ್ಲಿ ಲಾರಿ ಗ್ಯಾರೇಜಂತೆ. ಆಯುಧಪೂಜೆಯ ದಿನ ನಿಂತ ಲಾರಿಗಳಿಗೆಲ್ಲ ಹೂವು ಹಾಕಿಸಿ, ಕೆಲಸದವರ ಕೈಗೆ ಬೂದುಗುಂಬಳ ಕೊಟ್ಟು, ಮಂಡಕ್ಕಿ ಹಂಚದೆ ಅವರು ಊಟ ಮಾಡುತ್ತಿರಲಿಲ್ಲವಂತೆ. "ದೆಹಲಿಗೆ ಬಂದ ಮೇಲೆ ಚಕ್ರದ ಮೇಲೆ ಕುಂಕುಮ ನೋಡಿದ್ದು ಇದೇ ಮೊದಲು ಸಾರ್," ಎಂದು ಅವನು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ.

ಇನ್ನು ಬೆಲೆ. ದೆಹಲಿಯಲ್ಲಿ ತರಕಾರಿಯ ಭಯ್ಯಾನೊಡನೆ ಕೊತ್ತಂಬರಿ ಸೊಪ್ಪಿಗೆ ಸಹ ಜಗಳವಾಡುವ ನಾವು, ಕನ್ನಡದಲ್ಲಿ ಮಾತು ಶುರುವಾದ ಕೂಡಲೇ ವ್ಯಾಪಾರವನ್ನು ಪೂರ್ತಿ ಮರೆಯುತ್ತೇವೆ. ನೀವು ಹೇಳಿ ಎಂದು ಅವನು, ನಿಮಗೆ ತೋಚಿದ್ದು ಎಂದು ನಾನು. ಅವನು ಏರಿಸುತ್ತಿದ್ದ, ನಾನು ಇಳಿಸುತ್ತಿದ್ದೆ. ಒಳಗಿಂದ ಕೇಳಿಸಿಕೊಳ್ಳುತ್ತಿದ್ದ ನಿವಿಗೆ ತಡೆಯಲಾಗದೆ ಹೊರಗೆ ಬಂದು, "ಬೆಲೆ ಆಮೇಲೆ. ಚೆಕ್ ಮಾಡದೆ ಯಾರೂ ಚಕ್ರ ಕೊಡಲ್ಲ, ತಗೊಳ್ಳೋದೂ ಇಲ್ಲ," ಎಂದಳು. ಹಬ್ಬದ ದಿನದಿಂದ ಆ ಚಕ್ರಗಳತ್ತ ಅವಳು ಕಣ್ಣೆತ್ತಿಯೂ ನೋಡಿರಲಿಲ್ಲ.

ಅವಳು ಕೆಲಸ ಮಾಡುವುದನ್ನು ನಾನು ನೋಡಿದ್ದು ಅದೇ ಮೊದಲು. ಓದುವಾಗ ನೋಡಿದ್ದೆ, ಉಣ್ಣುವಾಗ, ಮುನಿಸಿಕೊಂಡಾಗ ನೋಡಿದ್ದೆ. ಇದು ಬೇರೆಯೇ. ಬಾಲ್ಕನಿಯ ಬೆಳಕಿಗೆ ಹಳೆಯ ಪತ್ರಿಕೆ ಹಾಸಿ, ಒಂದೊಂದೇ ಚಕ್ರವನ್ನು ನಿಲ್ಲಿಸಿ, ಅಂಚಿನ ಮೇಲೆ ಬೆರಳು ಆಡಿಸುತ್ತ ಒಂದು ಸುತ್ತು ಬಂದಳು. ಆಮೇಲೆ ಬಟ್ಟೆಯಿಂದ ಕುಂಕುಮ ಒರೆಸಿದಳು.  ಮೊದಲನೆಯದು ಸರಿ, ಎರಡನೆಯದು ಸರಿ. ಮೂರನೆಯದನ್ನು ಒರೆಸಿದವಳು ಮತ್ತೊಮ್ಮೆ ಒರೆಸಿದಳು. ಇನ್ನೊಂದು ಬಟ್ಟೆ ಕೇಳಿ ಪಡೆದು ಮತ್ತೆ ಒರೆಸಿ, ಚಕ್ರವನ್ನು ಬಿಸಿಲಿಗೆ ತಿರುಗಿಸಿ ನನ್ನನ್ನು ಕರೆದಳು. ಬೋಲ್ಟಿನ ಎರಡು ತೂತುಗಳ ನಡುವೆ ತಲೆಗೂದಲಿನಷ್ಟು ಸಣ್ಣ ಕೆಂಪು ಗೆರೆಯೊಂದು ಕಾಣುತ್ತಿತ್ತು, ಎಷ್ಟು ಉಜ್ಜಿದರೂ ಅದು ಹೋಗುತ್ತಿರಲಿಲ್ಲ.

"ಬಿರುಕು," ಎಂದಳು. "ನಮ್ಮಲ್ಲೂ ಹೀಗೇ ನೋಡೋದು. ಕೆಂಪು ಬಣ್ಣದ ಎಣ್ಣೆ ಹಚ್ತೀವಿ, ಬಿಡ್ತೀವಿ, ಒರೆಸ್ತೀವಿ. ಕ್ರ್ಯಾಕ್ ಇದ್ರೆ ಅಲ್ಲಿ ಕೆಂಪು ಉಳ್ಕೊಳತ್ತೆ. ಅಮ್ಮ ಗೊತ್ತಿಲ್ದೆ ಅದೇ ಟೆಸ್ಟ್ ಮಾಡಿದಾರೆ."

ಸರೋಜ ಎದ್ದು ಬಂದು ಕನ್ನಡಕ ಏರಿಸಿ ನೋಡಿದಳು. ತನ್ನ ಪೂಜೆಗೆ ಇಂಥದೊಂದು ಪ್ರಯೋಜನವಿದೆಯೆಂದು ಅವಳೂ ತಿಳಿದಿರಲಿಲ್ಲ. ಈ ಚಕ್ರ ಯಾವ ಕಡೆ ಇತ್ತೆಂದು ನಿವಿ ಕೇಳಿದಳು. ಜೋಡಿಸಿಡುವಾಗ ಒಳಬದಿಗೆ ಸೀಮೆಸುಣ್ಣದಿಂದ ನಾನೇ ಗುರುತು ಹಾಕಿದ್ದೆ: ಮುಂದಿನ ಎಡಗಡೆಯದು. ಅದು ಸರೋಜ ಕೂರುವ ಕಡೆ. ಆ ಸೀಟಿನಲ್ಲಿ ಕೂತೇ ಅವಳು ವರ್ಷಗಳಿಂದ ನನ್ನೊಡನೆ ಕರೋಲ್‌ಬಾಗಿಗೆ, ಆಸ್ಪತ್ರೆಗೆ, ಆಗ್ರಾದ ರಸ್ತೆಯುದ್ದಕ್ಕೂ ಬಂದಿದ್ದಳು. ಭದ್ರವೆಂದು ನಾನು ಚಾದರ ಹೊದಿಸಿ ಕಾಯ್ದಿಟ್ಟದ್ದು ಇದನ್ನು. ಹಗುರವೆಂದು ಶಂಕಿಸಿದ್ದು ಮಗಳು ನೋಡಿ ನೋಡಿ ಆರಿಸಿದ್ದನ್ನು. 

ನಾಲ್ಕನೆಯದು ಸರಿಯಾಗಿತ್ತು. ಮೂರು ಒಪ್ಪಿಗೆಯಾದವು, ಒಂದು ತಿರಸ್ಕೃತ. ಸಲೀಂ ಧೈರ್ಯದ ಮಾತಾಡಿದ: ಮೂರನ್ನೇ ಕೊಡಿ ಸಾರ್, ನಾಲ್ಕನೆಯದನ್ನು ಗುಜರಿ ಬಜಾರಿನಲ್ಲಿ ಹುಡುಕಿಕೊಳ್ಳುತ್ತೇನೆ. ಅಲ್ಲಿ ಸಿಗುವ ಚಕ್ರಕ್ಕೆ ಯಾರು ಕುಂಕುಮ ಹಚ್ಚಿ ನೋಡುತ್ತಾರೆ ಎಂಬ ಪ್ರಶ್ನೆ ನಿವಿಯ ಮುಖದಲ್ಲಿ ಕಂಡಿತು. ನಸ್ರೀನ್ ಕೋಡುಬಳೆ ಕೈಯಲ್ಲಿ ಹಿಡಿದು ಗಂಡನನ್ನೇ ನೋಡುತ್ತಿದ್ದಳು. ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು.

ಆಗ ನಾನು ಒಂದು ವಿಷಯ ಹೇಳಲೇಬೇಕಾಯಿತು. ನನ್ನ ಬಳಿ ಕಂಪನಿಯ ಇನ್ನೊಂದು ಚಕ್ರವಿತ್ತು. ಕಾರಿನ ಡಿಕ್ಕಿಯಲ್ಲಿ ಮಲಗಿದ್ದ ಸ್ಟೆಪ್ನಿ. ನಿವಿ ಐದನೆಯ ಅಲಾಯ್ ಚಕ್ರವನ್ನೂ ತರುತ್ತೇನೆಂದಾಗ, ಬೇಡ, ಸ್ಟೆಪ್ನಿಗೆ ಹಳೆಯದೇ ಸಾಕು ಎಂದಿದ್ದವನು ನಾನೇ. ಅವಳಿಗೆ ಖರ್ಚು ಉಳಿಸಲೆಂದು ಹೇಳಿದ್ದೆ. ಆದರೆ ನಾಲ್ಕೂ ಕೈಕೊಟ್ಟ ದಿನ ಹಿಡಿದುಕೊಳ್ಳಲು ಒಂದಾದರೂ ಹಳೆಯದಿರಲಿ ಎಂಬ ಆಸೆ ಅದರೊಳಗಿತ್ತು, ಅದು ಅವಳಿಗೂ ತಿಳಿದಿತ್ತು. ಮಾರುವ ನಿಶ್ಚಯ ಮಾಡಿದಾಗಲೂ ಬಾಲ್ಕನಿಯ ನಾಲ್ಕನ್ನೇ ಲೆಕ್ಕ ಹಿಡಿದಿದ್ದೆನೇ ಹೊರತು ಡಿಕ್ಕಿಯ ಐದನೆಯದರ ಸುದ್ದಿ ಎತ್ತಿರಲಿಲ್ಲ. ಪೂರ್ತಿ ನಂಬುವುದು ಒಂದು, ಸ್ಟೆಪ್ನಿ ಇಟ್ಟುಕೊಂಡು ನಂಬುವುದು ಇನ್ನೊಂದು.

ಕೀಲಿ ತೆಗೆದುಕೊಂಡು ಕೆಳಗಿಳಿದೆ. ಸಲೀಂ ನಾನು ತರುತ್ತೇನೆಂದು ಹಿಂದೆಯೇ ಬಂದ. ಇಬ್ಬರೂ ಸೇರಿ ಸ್ಟೆಪ್ನಿಯನ್ನು ಟೈರಿನ ಸಮೇತ ಮೇಲೆ ತಂದೆವು. ನಿವಿ ಒಂದು ಕ್ಷಣ ಅದನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ತಾಯಿಯ ಕಡೆ ತಿರುಗಿ, "ಅಮ್ಮಾ, ಸ್ವಲ್ಪ ಕುಂಕುಮ, ಎಣ್ಣೆ," ಎಂದಳು. ಸರೋಜ ಪೂಜೆಯ ಬೆಳ್ಳಿಯ ಬಟ್ಟಲಲ್ಲಿ ಕಲೆಸಿ ತಂದಳು. ಈ ಸಲ ಇಬ್ಬರೂ ಕೂಡಿ ಬಳಿದರು. ತಾಯಿ ಕಣ್ಣಿಗೊತ್ತಿಕೊಳ್ಳುತ್ತ, ಮಗಳು ತೂತುಗಳ ಸುತ್ತ ಬೆರಳಿನಿಂದ ತಿದ್ದುತ್ತ. ನೆನೆಯಲು ಬಿಟ್ಟು ಎಲ್ಲರೂ ಚಹಾ ಕುಡಿದೆವು. ಫಲಿತಾಂಶ ಬರುವವರೆಗೆ ನನಗೆ ಪರೀಕ್ಷೆ ಬರೆದವನ ಎದೆಬಡಿತ. ಒರೆಸಿದಾಗ ಉಕ್ಕು ಸ್ವಚ್ಛವಾಗಿ ಬೂದುಬಣ್ಣಕ್ಕೆ ತಿರುಗಿತು. ಎಲ್ಲೂ ಗೆರೆಯಿರಲಿಲ್ಲ.

ಬೆಲೆ ಕೊನೆಗೂ ನಿವಿಯೇ ಹೇಳಿದಳು, ಇಬ್ಬರೂ ಬಾಯಿ ಮುಚ್ಚಿ ಒಪ್ಪಿದೆವು. ಬಿರುಕು ಬಿಟ್ಟದ್ದನ್ನು ಸರೋಜ ಕಬಾಡಿಗೆ ಕೊಡಲು ಒಪ್ಪಲಿಲ್ಲ. ಪೂಜೆಯಾದದ್ದು, ಅಲ್ಲದೆ ಇಷ್ಟು ದಿನ ಬಿರುಕನ್ನು ಬಚ್ಚಿಟ್ಟುಕೊಂಡು ನಮ್ಮನ್ನು ಹೊತ್ತದ್ದು ಎಂದಳು. ಅದು ಈಗ ತುಳಸಿಯ ಕುಂಡಕ್ಕೆ ಪೀಠವಾಗಿದೆ, ಕುಂಡ ಹಿಂದೆಂದೂ ಅಷ್ಟು ನೆಟ್ಟಗೆ ಕೂತಿರಲಿಲ್ಲ. ಬೀಳ್ಕೊಡಲು ಎಲ್ಲರೂ ಕೆಳಗಿಳಿದೆವು. ಸಲೀಂನ ಗಾಡಿ ತನ್ನ ದೊಡ್ಡ ಚಕ್ರಗಳ ಮೇಲೆ ಮೆಲ್ಲಗೆ ಕುಲುಕುತ್ತ, ನಮ್ಮ ನಾಲ್ಕು ಚಕ್ರಗಳನ್ನು ಹಿಂದೆ ಹೇರಿಕೊಂಡು, ಸೆಕ್ಟರಿನ ತಿರುವಿನಲ್ಲಿ ಮರೆಯಾಯಿತು. ನೇರ ಟೈರಿನ ಅಂಗಡಿಗೇ ಹೋಗಿ ಒಪ್ಪುವ ಟೈರು ಕೊಂಡು ಹಾಕಿಸಿಕೊಳ್ಳುವುದಾಗಿ, ಆಮೇಲೆಯೇ ಹೆಂಡತಿಯನ್ನು ದ್ವಾರಕಾಕ್ಕೆ ಕರೆದೊಯ್ಯುವುದಾಗಿ ಹೇಳಿದ್ದ.

ತಿರುಗಿ ನೋಡಿದರೆ ಸರೋಜ ಬೇವಿನ ಮರದಡಿ ನಮ್ಮ ಗಾಡಿಯ ಪಕ್ಕ ಕೂತಿದ್ದಳು. ಬಟ್ಟಲಿನಲ್ಲಿ ಮಿಕ್ಕ ಕುಂಕುಮವನ್ನು ಅಲಾಯ್ ಚಕ್ರಗಳ ಒಂದೊಂದು ಎಸಳಿಗೂ ಇಡುತ್ತಿದ್ದಳು. ನಿವಿ ಬಗ್ಗಿ, "ಅಮ್ಮಾ, ಹಬ್ಬ ಮುಗೀತಲ್ಲ," ಎಂದಳು.

"ಪೂಜೆ ಅಲ್ಲ ಕಣೇ, ನಾನೂ ಟೆಸ್ಟ್ ಮಾಡ್ತಿದ್ದೀನಿ," ಎಂದಳು ಸರೋಜ, ತಲೆಯೆತ್ತದೆ.

ನಿವಿ ನಕ್ಕಳು. ಹಬ್ಬದ ದಿನದಿಂದ ನಾನು ಕಾಯುತ್ತಿದ್ದ ನಗು ಅದು. ನಗು ಮುಗಿಯುವ ಮುನ್ನ ಅವಳೊಳಗಿನ ಪರೀಕ್ಷಕಿ ಎಚ್ಚೆತ್ತಳು. ಗಡಿಬಿಡಿಯಲ್ಲಿ ನಾನು ತೆರೆದೇ ಬಿಟ್ಟಿದ್ದ ಡಿಕ್ಕಿಯೊಳಗೆ ಇಣುಕಿ, ಸ್ಟೆಪ್ನಿಯಿದ್ದ ಗುಂಡನೆಯ ಖಾಲಿ ಗುಂಡಿಯನ್ನು ತೋರಿಸಿ ನನ್ನನ್ನು ತರಾಟೆಗೆ ತೆಗೆದುಕೊಂಡಳು. ಐದನೆಯ ಚಕ್ರ ತರಿಸಲು ತಿಂಗಳಾದರೂ ಬೇಕಂತೆ, ಅಲ್ಲಿಯವರೆಗೆ ಸ್ಟೆಪ್ನಿಯಿಲ್ಲದೆ ದೆಹಲಿಯಲ್ಲಿ ಯಾರಾದರೂ ಗಾಡಿ ಹೊರಗೆ ತೆಗೆಯುತ್ತಾರೆಯೇ.

"ದಾರೀಲಿ ಏನಾದ್ರೂ ಆದ್ರೆ ಏನ್ ಮಾಡ್ತೀರಿ?" ಎಂದಳು.

"ನಿನಗೆ ಫೋನ್ ಮಾಡ್ತೀನಿ," ಎಂದೆ.

ಅವಳು ಡಿಕ್ಕಿಯ ಅಂಚಿನ ಧೂಳನ್ನು ಬೆರಳಿನಿಂದ ಒರೆಸಿದಳು.

"ಮಾನೇಸರ್‌ನಿಂದ ಬರೋಕೆ ಬಹಳ ಹೊತ್ತಾಗತ್ತೆ, ಅಪ್ಪಾ."

"ಕಾಯ್ತೀನಿ," ಎಂದೆ.